ಐವತ್ತೆರಡನೇ ಮನೆಯ ಸ್ವರ

ಪಟ್ಟಂನ ನಮ್ಮ ಕಚೇರಿಯಿಂದ ಡ್ರಾಯಿಂಗ್ ಬೋರ್ಡುಗಳನ್ನು ಹೊರಗೆ ಸಾಗಿಸಿದಾಗ ನನಗೆ ಮೂವತ್ತಾರು ವರ್ಷ. ಹನ್ನೊಂದು ವರ್ಷ ಅವುಗಳ ಮುಂದೆ ನಿಂತು ನಕ್ಷೆ ಬರೆದಿದ್ದೆ. ಕೇಂದ್ರ ಸರ್ಕಾರದ ಕೆಲಸ, ಉಡುಪಿಯಿಂದ ತಿರುವನಂತಪುರಕ್ಕೆ ಬಂದದ್ದೂ ಆ ಕೆಲಸಕ್ಕಾಗಿಯೇ. ಬೋರ್ಡುಗಳಿದ್ದ ಜಾಗಕ್ಕೆ ಕಂಪ್ಯೂಟರ್ ಬಂತು. ಮೂರು ತಿಂಗಳ ತರಬೇತಿ ಮುಗಿದ ಮೇಲೆ, ಮುಂಚೆ ಒಂದು ವಾರ ಹಿಡಿಯುತ್ತಿದ್ದ ಕೆಲಸ ಒಂದು ದಿನದಲ್ಲಿ ಆಗತೊಡಗಿತು. ಉಳಿದ ದಿನಗಳಲ್ಲಿ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ದಿನಕ್ಕೆ ನಾಲ್ಕು ಸಲ ಕ್ಯಾಂಟೀನಿಗೆ ಹೋಗಿ ಬರುತ್ತಿದ್ದೆ. ಅದರ ಮೇಲೆ, ನಮ್ಮಲ್ಲಿ ಕೆಲವರನ್ನು ಕೊಚ್ಚಿ ಕಚೇರಿಗೆ ಹಾಕುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಪಟ್ಟಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾಯುವುದರಲ್ಲೇ ಮಳೆಗಾಲ ಕಳೆಯಿತು.

ಮನಸ್ಸು ಒಂದು ಕಡೆ ನಿಲ್ಲುತ್ತಿದ್ದದ್ದು ಶುಕ್ರವಾರದ ಸಂಜೆ ಮಾತ್ರ. ಅಂದು ಚರ್ಚಿನ ಗಾಯನ ತಂಡದ ಅಭ್ಯಾಸ. ನಾನು ಆಲ್ಟೊ, ಅಂದರೆ ಹೆಂಗಸರ ಕೆಳದನಿಯಲ್ಲಿ ಹಾಡುವವಳು. ಉಡುಪಿಯಲ್ಲಿ ಅಜ್ಜ ಕಲಿಸಿದ ಕನ್ನಡ ಕೀರ್ತನೆಗಳಿಂದ ಐದು ಗೆರೆಯ ಸ್ವರಲಿಪಿ ಓದಲು ಬರುತ್ತಿತ್ತು. ಮಲಯಾಳಂ ಓದಲು ಮಾತ್ರ ಇಲ್ಲಿಗೆ ಬಂದ ಮೇಲೆ ಕಲಿತದ್ದು, ಅದೂ ಬಸ್ಸಿನ ಬೋರ್ಡುಗಳಿಂದ. ಹಾಗಾಗಿ ನನ್ನ ಪ್ರತಿಯಲ್ಲಿ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳಿರುತ್ತಿದ್ದವು.

ತಂಡವನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ನಿವೃತ್ತ ಗಣಿತದ ಮೇಷ್ಟ್ರು. ಎಲ್ಲರಿಗೂ ಅವರು ಸಾರ್. ಮೂವತ್ತು ವರ್ಷ ಹಿಂದೆ ಅವರೇ ಮಾತು ಬರೆದು, ರಾಗ ಕಟ್ಟಿ, ನಾಲ್ಕು ದನಿಗೆ ಹಂಚಿದ ಒಂಬತ್ತು ಪುಟದ ಹಾಡೊಂದಿತ್ತು. ಪ್ರತಿ ಕ್ರಿಸ್‌ಮಸ್‌ಗೂ ನಾವು ಅದನ್ನು ಹಾಡಲೇಬೇಕು. ಸಾರ್ ಮನೆಯ ಸೂರು ಸೋರಿ ಅವರ ಸ್ವಂತ ಪ್ರತಿ ಎಂದೋ ಹಾಳಾಗಿತ್ತು. ನಮ್ಮ ಕೈಯಲ್ಲಿದ್ದದ್ದು ಬೇರೆ ಯಾರದೋ ಪ್ರತಿಯ ಜೆರಾಕ್ಸ್, ಅದರ ಜೆರಾಕ್ಸ್, ಮತ್ತೆ ಅದರದ್ದೊಂದು. ಐದು ಗೆರೆಗಳು ಕೆಲವು ಕಡೆ ಮೂರಾಗಿದ್ದವು.

ಆ ವರ್ಷ ಅಕ್ಟೋಬರಿನಲ್ಲಿ ಅಭ್ಯಾಸ ಶುರುವಾದಾಗ ಬಾಸ್, ಅಂದರೆ ಗಂಡಸರ ಕೆಳದನಿ ಹಾಡುವ ಒಬ್ಬರು ಕಾಗದವನ್ನು ದೀಪದ ಕೆಳಗೆ ಹಿಡಿದು, "ಸಾರ್, ಇಲ್ಲಿ ಇರುವುದು ಸ್ವರವೋ, ನೊಣ ಕೂತದ್ದೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. "ಮತ್ತೆ ಬರೆಯಬೇಕು. ಆದರೆ ಈ ಕೈ ಕೇಳಬೇಕಲ್ಲ" ಎಂದು ಬಲಗೈ ಎತ್ತಿ ತೋರಿಸಿದರು. ಅದು ಸಣ್ಣಗೆ ನಡುಗುತ್ತಿತ್ತು.

"ನಾನು ಮಾಡಿಕೊಡ್ತೇನೆ" ಎಂದುಬಿಟ್ಟೆ.

"ಹೌದಲ್ಲ, ಮೋಳೆ ನಕ್ಷೆ ಬರೆಯುವವಳು. ಚೆಂದ ಬರೆಯುತ್ತೀ."

ಮೋಳೆ ಎಂದರೆ ಮಗಳೇ. ಅವರು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ.

"ಕೈಯಲ್ಲಿ ಅಲ್ಲ ಸಾರ್, ಕಂಪ್ಯೂಟರಿನಲ್ಲಿ."

ಅವರು, "ಅದಕ್ಕೆ ಹಾಡು ಬರುತ್ತದಾ?" ಎಂದು ಕೇಳಿದರು.

ನನಗೂ ಗೊತ್ತಿರಲಿಲ್ಲ. ಸ್ವರಲಿಪಿಗೆ ಸಾಫ್ಟ್‌ವೇರ್ ಇದೆಯೆಂದು ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ತಿಳಿದಿತ್ತು, ಅಷ್ಟೆ. ಬಾಡಿಗೆ ಮನೆಯಲ್ಲಿದ್ದ ನನ್ನ ಕಂಪ್ಯೂಟರಿಗೆ ಅದನ್ನು ಹಾಕಿದೆ. ಮೂವತ್ತು ದಿನ ಉಚಿತವಾಗಿ ಬಳಸಬಹುದು, ಆದರೆ ಮಾಡಿದ್ದನ್ನು ಉಳಿಸಿಡಲು ಬಿಡುವುದಿಲ್ಲ. ಅದು ಎಂಥ ಷರತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ಕಂಪ್ಯೂಟರ್ ಆರಿಸದಿದ್ದರಾಯಿತು ಎಂದುಕೊಂಡೆ.

ಮೊದಲ ದಿನ ನಾಲ್ಕು ಮನೆ ಬರೆಯಲು ಎರಡು ಗಂಟೆ ಬೇಕಾಯಿತು. ಮನೆ ಎಂದರೆ ಎರಡು ನಿಂತ ಗೆರೆಗಳ ನಡುವಿನ ಜಾಗ. ಅಜ್ಜ ಅದನ್ನು ಹಾಗೇ ಕರೆಯುತ್ತಿದ್ದರು, ನನ್ನ ಬಾಯಲ್ಲೂ ಹಾಗೇ ಉಳಿದಿದೆ. ಮೌಸಿನಿಂದ ಒಂದು ಸ್ವರ ಇಟ್ಟರೆ ಅದು ಪಕ್ಕದ ಗೆರೆಗೆ ಜಾರುತ್ತಿತ್ತು. ಒಂದೇ ಸಾಲಿನಲ್ಲಿ ಸೊಪ್ರಾನೊ, ಆಲ್ಟೊ ಎರಡನ್ನೂ ಬರೆಯಬೇಕು. ಮೇಲಿನ ದನಿಯ ಸ್ವರಕ್ಕೆ ಬಾಲ ಮೇಲಕ್ಕೆ, ಕೆಳದನಿಗೆ ಬಾಲ ಕೆಳಕ್ಕೆ. ನಾನು ಬರೆದರೆ ಎಲ್ಲ ಬಾಲಗಳೂ ಒಂದೇ ಕಡೆ ಹೋಗುತ್ತಿದ್ದವು. ಅವು ಎರಡು ಬೇರೆ ಪದರಗಳು, ಒಂದರಿಂದ ಇನ್ನೊಂದಕ್ಕೆ ದಾಟಲು ಬೇರೆ ಕೀ ಒತ್ತಬೇಕು ಎಂದು ತಿಳಿಯಲು ಮೂರು ದಿನವಾಯಿತು. ತಿಳಿದ ಕ್ಷಣ ಕಚೇರಿಯ ನೆನಪಾಯಿತು. ನಕ್ಷೆಯಲ್ಲೂ ಗೋಡೆ ಒಂದು ಪದರ, ನೀರಿನ ಪೈಪು ಇನ್ನೊಂದು ಪದರ ಎಂದೇ ತಾನೇ ನಮಗೆ ಕಲಿಸಿದ್ದು? ಆಮೇಲೆ ಕೈ ಓಡತೊಡಗಿತು. ಆಫೀಸಿನಲ್ಲಿ ಕೂತಿದ್ದಾಗಲೂ ಬೆರಳುಗಳು ಮೇಜಿನ ಮೇಲೆ ಆ ಕೀಗಳನ್ನೇ ಒತ್ತುತ್ತಿದ್ದವು. ಐದು ಗಂಟೆಗೆ ಎದ್ದು ಬಸ್ಸಿಗೂ ಕಾಯದೆ ನಡೆದೇ ಮನೆ ಸೇರುತ್ತಿದ್ದೆ.

ಹಾಡಿನ ಮಾತುಗಳದ್ದು ಬೇರೆಯೇ ಗೋಳು. ಆಗಿನ ಮಲಯಾಳಂ ಫಾಂಟುಗಳು ಇಂಗ್ಲಿಷ್ ಕೀಗಳ ಮೇಲೆ ಅಕ್ಷರಗಳನ್ನು ಕೂರಿಸಿದ್ದವು. ನನ್ನ ಫಾಂಟಿನಲ್ಲಿ ಒಂದು ಅಕ್ಷರ ಹೈಫನ್ನಿನ ಕೀ ಮೇಲಿತ್ತು. ಸಾಫ್ಟ್‌ವೇರಿಗೋ, ಹೈಫನ್ ಎಂದರೆ ಪದ ಒಡೆಯಿತು, ಮುಂದಿನ ಸ್ವರಕ್ಕೆ ಹೋಗು ಎಂದರ್ಥ. ಆ ಅಕ್ಷರ ಬಂದಾಗೆಲ್ಲ ಉಳಿದ ಪದ ಪಕ್ಕದ ಮನೆಗೆ ಹಾರುತ್ತಿತ್ತು. ಬೇರೆ ಕಡೆ ಬರೆದು, ಕತ್ತರಿಸಿ ತಂದು ಅಂಟಿಸುವ ಉಪಾಯ ಸಿಗುವವರೆಗೆ ನಾನು ಆ ಅಕ್ಷರವಿರುವ ಪದಗಳನ್ನೇ ಶಪಿಸಿದೆ.

ಎರಡನೇ ವಾರ, ನಲವತ್ತು ಮನೆ ಮುಗಿದಿದ್ದಾಗ, ಸಂಜೆಯ ಅರ್ಧ ಗಂಟೆಯ ಕರೆಂಟ್ ಕಡಿತ ಬಂತು. ದಿನವೂ ಬರುವುದೇ. ಯು.ಪಿ.ಎಸ್. ಅಷ್ಟು ದಿನ ಹೇಗೋ ಎಳೆದಿತ್ತು. ಅಂದು ಇಪ್ಪತ್ತನೇ ನಿಮಿಷಕ್ಕೆ ಕಿರುಚಿಕೊಂಡು ನಿಂತಿತು. ಪರದೆ ಕಪ್ಪಾಯಿತು. ಮೇಣದ ಬತ್ತಿ ಹಚ್ಚದೆ ಕತ್ತಲಲ್ಲೇ ಕೂತಿದ್ದೆ. ಅಷ್ಟರಲ್ಲಿ ಉಡುಪಿಯಿಂದ ಅಮ್ಮನ ಫೋನ್ ಬಂತು. ನಡೆದದ್ದನ್ನು ಹೇಳಿದೆ.

"ನೀನು ಅಲ್ಲಿಗೆ ಹಾಡ್ಲಿಕ್ಕೆ ಹೋಗುದಾ, ಟೈಪ್ ಮಾಡ್ಲಿಕ್ಕೆ ಹೋಗುದಾ?" ಎಂದರು ಅಮ್ಮ. "ಕೈಯಲ್ಲಿ ಬರೆದಿದ್ರೆ ಇಷ್ಟೊತ್ತಿಗೆ ಮುಗೀತಿತ್ತು."

ನಿಜ. ಆದರೆ ಇನ್ನು ಕೈಯಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಮರುದಿನವೇ ಆ ಸಾಫ್ಟ್‌ವೇರಿನ ಚಿಕ್ಕ ಆವೃತ್ತಿಯನ್ನು ತರಿಸಿಕೊಳ್ಳಲು ಬರೆದೆ. ಅದು ಬಂದ ಮೇಲೆ ಮೊದಲಿನಿಂದ ಶುರು ಮಾಡಿದೆ. ಎರಡನೇ ಸಲ ನಲವತ್ತು ಮನೆ ನಾಲ್ಕೇ ಸಂಜೆಯಲ್ಲಿ ಮುಗಿಯಿತು.

ಮೊದಲ ಎರಡು ಪುಟ ಮುದ್ರಿಸಿ ಸಾರ್ ಮನೆಗೆ ಓಡಿದೆ. ಅವರು ಕಾಗದವನ್ನು ಹತ್ತಿರ ತಂದರು, ದೂರ ಹಿಡಿದರು, ಕನ್ನಡಕ ಬದಲಿಸಿದರು.

"ಗೆರೆ ಚೆನ್ನಾಗಿದೆ" ಎಂದರು. "ಆದರೆ ಒಂದು ಸಾಲಿಗೆ ಏಳು ಮನೆ ತುರುಕಿದ್ದೀಯ. ಹಾಡುವವರು ನಿಂತು ಹಾಡುತ್ತಾರೆ, ಭೂತಗನ್ನಡಿ ಹಿಡಿದಲ್ಲ."

ನಕ್ಷೆ ಬರೆಯುವವಳಿಗೆ ಈ ಮಾತು ಇನ್ನೊಬ್ಬರು ಹೇಳಬೇಕೇ? ಮನೆಗೆ ಬಂದು ಸಾಲಿಗೆ ನಾಲ್ಕೇ ಮನೆ ಎಂದು ಹರಡಿದೆ. ಸಾಲುಗಳ ನಡುವೆ ಗಾಳಿ ಆಡುವಷ್ಟು ಜಾಗ ಬಿಟ್ಟೆ. ಪುಟದ ಕೊನೆಗೆ ಎಲ್ಲರಿಗೂ ಒಂದು ಬಿಡುವು ಬರುವಂತೆ ಹೊಂದಿಸಿದೆ, ಹಾಡು ಮುರಿಯದೆ ಹಾಳೆ ತಿರುಗಿಸಲಿ ಎಂದು. ಚಾಲೈ ಪೇಟೆಯ ಸಗಟು ಕಾಗದದ ಅಂಗಡಿಯಲ್ಲಿ ಬೆಳಕು ಹಿಂದಿನಿಂದ ಹಾಯದಂಥ ದಪ್ಪ ಹಾಳೆ ಹುಡುಕಿ ತಂದೆ. ಒಂಬತ್ತು ಪುಟ ಹದಿನಾಲ್ಕಾಯಿತು.

ಐವತ್ತೆರಡನೇ ಮನೆಗೆ ಬಂದಾಗ ಸಿಕ್ಕಿಹಾಕಿಕೊಂಡೆ. ಅಲ್ಲಿ ಆಲ್ಟೊದ ಒಂದು ಸ್ವರದ ಮುಂದೆ ಒಂದು ಗುರುತು ಇತ್ತು. ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಶಾರ್ಪ್ ಎಂಬ ಗುರುತೋ, ಏರಿಸಿದ್ದನ್ನು ಮತ್ತೆ ಇಳಿಸುವ ನ್ಯಾಚುರಲ್ ಎಂಬ ಗುರುತೋ ತಿಳಿಯಲಿಲ್ಲ. ಎರಡರಲ್ಲೂ ಎರಡು ನಿಂತ ಗೆರೆ, ಎರಡು ಅಡ್ಡ ಗೆರೆ. ಜೆರಾಕ್ಸಿನಲ್ಲಿ ಅದೊಂದು ಮಸಿಯ ಗಂಟಾಗಿತ್ತು. ನಾನೇ ಆಲ್ಟೊ ಹಾಡುವವಳು, ನಾನು ಏನು ಹಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದೆ. ನಾಚಿಕೆಯ ಮಾತು, ನನಗೆ ಗೊತ್ತಿರಲಿಲ್ಲ. ಆ ಜಾಗ ಬಂದಾಗ ಪಕ್ಕದವರ ದನಿಗೆ ಒರಗಿಕೊಂಡು ದಾಟಿಬಿಡುತ್ತಿದ್ದೆ. ಸಾಫ್ಟ್‌ವೇರಿನಲ್ಲಿ ಎರಡನ್ನೂ ನುಡಿಸಿ ಕೇಳಿದೆ. ಎರಡೂ ಒಪ್ಪುತ್ತಿದ್ದವು. ಶಾರ್ಪ್ ಇಟ್ಟರೆ ಸ್ವಲ್ಪ ಹೊಳಪು, ನ್ಯಾಚುರಲ್ ಇಟ್ಟರೆ ಸ್ವಲ್ಪ ಮೆದು.

ಸಾರ್ ಅವರನ್ನು ಕೇಳಬೇಕಿತ್ತು. ಆದರೆ ಆ ಗುರುವಾರವೇ ಪಟ್ಟಿ ಬಂತು. ಸೋಮವಾರದಿಂದ ಎರಡು ತಿಂಗಳು ಕೊಚ್ಚಿಯ ಕಾಕ್ಕನಾಡ್‌ನ ಕಚೇರಿಯಲ್ಲಿ ನನ್ನ ಕೆಲಸ, ಆಮೇಲೆ ನೋಡೋಣ ಎಂದಿತ್ತು ಅದರಲ್ಲಿ. ಮೂರು ದಿನದಲ್ಲಿ ಹಾಡು ಮುಗಿಸಬೇಕು, ಪೆಟ್ಟಿಗೆ ಕಟ್ಟಬೇಕು. ಶಾರ್ಪ್ ಹಾಕಿದೆ. ಇಪ್ಪತ್ತೆರಡು ಪ್ರತಿ ಮಾಡಿಸಿ ಭಾನುವಾರ ಆರಾಧನೆ ಮುಗಿದ ಮೇಲೆ ಹಂಚಿ, ಅಲ್ಲಿಂದಲೇ ರೈಲು ಹತ್ತಿದೆ.

ಮುಂದಿನ ವಾರದಿಂದ ನನಗೋಸ್ಕರ ಅಭ್ಯಾಸವನ್ನು ಶನಿವಾರಕ್ಕೆ ಬದಲಿಸಿದ್ದರು. ಬೆಳಗಿನ ರೈಲಿನಲ್ಲಿ ಎರ್ನಾಕುಳಂನಿಂದ ಹೊರಟೆ. ದಾರಿಯುದ್ದಕ್ಕೂ ಎಲ್ಲರೂ ಏನು ಹೇಳಬಹುದು ಎಂದೇ ಯೋಚನೆ. ಹೊಗಳುತ್ತಾರೆ ಎಂದುಕೊಂಡಿದ್ದೆ ಎಂದು ಒಪ್ಪಿಕೊಳ್ಳಬೇಕು.

ಮೊದಲ ನಾಲ್ಕು ಪುಟ ನೀರಿನಂತೆ ಹರಿಯಿತು. ಐವತ್ತೆರಡನೇ ಮನೆಯಲ್ಲಿ ಆಲ್ಟೊ ಸಾಲು ಒಡೆಯಿತು. ನನ್ನ ಎಡಕ್ಕಿದ್ದ ಇಬ್ಬರು ಹಿರಿಯರು ಒಂದು ಸ್ವರ, ಬಲಕ್ಕಿದ್ದ ಮೂವರು ಇನ್ನೊಂದು. ಸಾರ್ ಕಾಲಿನ ಹಾರ್ಮೋನಿಯಂ ತುಳಿಯುವುದನ್ನು ನಿಲ್ಲಿಸಿದರು. ಮತ್ತೆ ಹಾಡಿಸಿದರು. ಮತ್ತೆ ಒಡೆಯಿತು.

"ಇಲ್ಲಿ ಶಾರ್ಪ್ ಇಲ್ಲ" ಎಂದರು ಹಿರಿಯರಲ್ಲೊಬ್ಬರು.

"ಇದೆ ಚೇಚಿ, ಇಲ್ಲಿ ಸ್ಪಷ್ಟವಾಗಿ ಬರೆದಿದೆಯಲ್ಲ" ಎಂದಳು ಬಲಗಡೆಯವಳು. "ನಾವು ಯಾವಾಗಲೂ ಹೀಗೇ ಹಾಡಿದ್ದು."

"ಯಾವಾಗಲೂ? ಹಾಗಾದರೆ ನಾನು ಇಪ್ಪತ್ತು ವರ್ಷ ತಪ್ಪು ಹಾಡಿದ್ದಾ?"

ಆ ಹಿರಿಯರು ನನ್ನ ದಪ್ಪ ಹಾಳೆಯನ್ನು ಬೆಂಚಿನ ಮೇಲಿಟ್ಟು, ಚೀಲದಿಂದ ಹಳೆಯ ಜೆರಾಕ್ಸ್ ತೆಗೆದರು. ಅಲ್ಲಿಯವರೆಗೆ ಎರಡು ಗುಂಪೂ ತಮಗೆ ಕಂಡದ್ದನ್ನು ಹಾಡಿಕೊಂಡು ಬಂದಿದ್ದರು. ಹಾರ್ಮೋನಿಯಂ ಸದ್ದಿನಲ್ಲಿ ಅದು ಯಾರಿಗೂ ಕೇಳಿರಲಿಲ್ಲ. ಸಾರ್ ಕಿವಿಗೂ ವಯಸ್ಸಾಗಿತ್ತು. ನನ್ನ ಚೊಕ್ಕ ಗುರುತು ಅವರನ್ನು ಎದುರುಬದುರು ನಿಲ್ಲಿಸಿತ್ತು.

"ಮೋಳೆ, ಈ ಶಾರ್ಪ್ ಹಾಕಿದ್ದು ಯಾರು?" ಸಾರ್ ಕೇಳಿದರು.

"ನಾನು."

"ಯಾಕೆ?"

"ಹಾಗೆ ಕಾಣಿಸಿತು ಸಾರ್. ಕೇಳಲು ಸಮಯ ಸಿಗಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎರಡೂ ಸ್ವರಗಳನ್ನು ಒಂದಾದ ಮೇಲೊಂದು ಏಳೆಂಟು ಸಲ ನುಡಿಸಿದರು. ಆಮೇಲೆ ಕೈ ತೆಗೆದು, ತಗ್ಗಿದ ದನಿಯಲ್ಲಿ, "ನನಗೆ ನೆನಪಾಗುತ್ತಿಲ್ಲ" ಎಂದರು.

ತಾನೇ ಕಟ್ಟಿದ ಹಾಡು ತನಗೆ ನೆನಪಿಲ್ಲವೆಂದು ಇಪ್ಪತ್ತು ಜನರ ಮುಂದೆ ಅವರು ಹೇಳಬೇಕಾಗಿ ಬಂದದ್ದು ನನ್ನಿಂದ. ಅಭ್ಯಾಸ ಅಲ್ಲಿಗೇ ನಿಂತಿತು. ಎಲ್ಲರೂ ಹೋದ ಮೇಲೆ ಸಾರ್ ಹೇಳಿದರು, "ಈ ಜೆರಾಕ್ಸಿನ ಮೂಲ ಪ್ರತಿ ಒಬ್ಬ ಟೀಚರದ್ದು. ಮೊದಲ ವರ್ಷದಿಂದ ಆಲ್ಟೊ ಹಾಡಿದವರು. ಊರು ಬಿಡುವಾಗ ಇಲ್ಲಿ ಕೊಟ್ಟುಹೋದರು. ಈಗ ತಂಗಿಯ ಜೊತೆ ಕಾಕ್ಕನಾಡ್‌ನಲ್ಲೇ ಇದ್ದಾರಂತೆ. ಅವರಿಗೆ ಗೊತ್ತಿದ್ದರೂ ಇರಬಹುದು."

ವಿಳಾಸ ಇರಲಿಲ್ಲ, ಕಲೆಕ್ಟರೇಟಿನ ಹಿಂದಿನ ಫ್ಲ್ಯಾಟ್ ಎಂಬುದಷ್ಟೇ ಗೊತ್ತು. ಕಲೆಕ್ಟರೇಟಿನ ಹಿಂದೆ ಆಗ ಕಟ್ಟಿ ಮುಗಿದವು, ಕಟ್ಟುತ್ತಿರುವವು ಎಲ್ಲ ಸೇರಿ ಎಷ್ಟೋ ಕಟ್ಟಡಗಳು. ಸೋಮವಾರ, ಮಂಗಳವಾರ, ಬುಧವಾರ ಕಚೇರಿ ಮುಗಿದ ಕೂಡಲೇ ಹೊರಟು, ಕಂಪನಿಗಳ ಕ್ಯಾಬುಗಳ ನಡುವೆ ರಸ್ತೆ ದಾಟಿ, ಒಂದೊಂದು ಗೇಟಿನಲ್ಲೂ ಕೇಳಿದೆ. ನಿವೃತ್ತ ಟೀಚರ್, ಜೊತೆಗೆ ತಂಗಿ. ಸೆಕ್ಯುರಿಟಿಯವರು ಇಲ್ಲವೆಂದು ತಲೆಯಾಡಿಸುತ್ತಿದ್ದರು. ಕ್ರಿಸ್‌ಮಸ್‌ಗೆ ಮೂರು ವಾರ ಉಳಿದಿತ್ತು. ಗುರುವಾರ ಒಬ್ಬ ಸೆಕ್ಯುರಿಟಿ, "ಬೆಳಿಗ್ಗೆ ಬಾಲ್ಕನಿಯಲ್ಲಿ ಹಾಡುವವರಾ?" ಎಂದು ಕೇಳಿದ.

ಟೀಚರ್ ಸಣ್ಣ ಆಳು, ಬೆಳ್ಳಗಿನ ಕೂದಲು, ನೆಟ್ಟಗೆ ನಿಲ್ಲುವವರು. ಚಹಾ ಕೊಟ್ಟರು. ಜೆರಾಕ್ಸನ್ನು ಮೇಜಿನ ಮೇಲೆ ಹರಡಿ ಆ ಮಸಿಯ ಗಂಟನ್ನು ತೋರಿಸಿದೆ. ಅವರು ಅದನ್ನು ನೋಡಿದವರೇ ನಕ್ಕರು.

"ಅದು ನನ್ನ ತಪ್ಪು" ಎಂದರು.

ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಗೆರೆಯ ಲಿಪಿಗಿಂತ ದೊ ರೆ ಮಿ ಎಂದು ಅಕ್ಷರದಲ್ಲಿ ಬರೆದುಕೊಳ್ಳುವುದೇ ಅವರಿಗೆ ಸುಲಭವಂತೆ. ಇಡೀ ಹಾಡನ್ನು ಹಾಗೆ ಬರೆದಿಟ್ಟುಕೊಂಡಿದ್ದರು. ಆ ಜಾಗದಲ್ಲಿ ಮೊದಲು "ಫೆ" ಎಂದಿತ್ತು, ಅಂದರೆ ಏರಿಸಿದ "ಫ". ಅದನ್ನು ಹೊಡೆದು ಪಕ್ಕದಲ್ಲಿ ಬರೀ "ಫ" ಎಂದು ಬರೆದಿತ್ತು.

"ಸಾರ್ ಬರೆದದ್ದು ಶಾರ್ಪ್. ಅಭ್ಯಾಸದಲ್ಲೆಲ್ಲ ಸರಿಯಾಗಿಯೇ ಹಾಡಿದೆ. ಮೊದಲ ಕ್ರಿಸ್‌ಮಸ್ ದಿನ, ಚರ್ಚ್ ತುಂಬಿದ ಜನರನ್ನು ನೋಡಿ ಹೆದರಿದೆ. ಕೆಳಗಿನ ಸ್ವರ ಹಾಡಿಬಿಟ್ಟೆ. ಉಳಿದ ಆಲ್ಟೊಗಳು ನನ್ನನ್ನೇ ನಂಬಿ ನಿಂತವರು, ಅವರೂ ಅದನ್ನೇ ಹಾಡಿದರು. ಮನೆಗೆ ಹೋಗಿ ಇಡೀ ದಿನ ಅತ್ತೆ. ಮುಂದಿನ ವಾರ ಅಭ್ಯಾಸಕ್ಕೆ ಹೋಗುವುದೇ ಬೇಡ ಎಂದುಕೊಂಡಿದ್ದೆ. ಹೋದೆ. ಸಾರ್ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಶಾರ್ಪ್ ಮೇಲೆಯೇ ನ್ಯಾಚುರಲ್ ಬರೆದು, ವಾಪಸ್ ಕೊಟ್ಟರು. ಇನ್ನು ಮೇಲೆ ಹೀಗೇ ಎಂದರು."

"ಬೇರೆಯವರ ಪ್ರತಿಗಳಲ್ಲಿ?"

"ಅವರು ಓದುತ್ತಿರಲಿಲ್ಲವಲ್ಲ. ನನ್ನನ್ನು ಕೇಳಿ ಹಾಡುತ್ತಿದ್ದರು."

ಟೀಚರ್ ಹೋದ ಮೇಲೆ ಬಂದವರು ಮಸಿಯಲ್ಲಿ ಶಾರ್ಪ್ ಕಂಡರು. ಟೀಚರ್ ಜೊತೆ ಹಾಡಿದ್ದ ಇಬ್ಬರು ಹಿರಿಯರ ಕಿವಿಯಲ್ಲಿ ನ್ಯಾಚುರಲ್ ಉಳಿದಿತ್ತು. ಅಷ್ಟೇ ಕಥೆ.

ಶನಿವಾರ ಅಭ್ಯಾಸಕ್ಕೆ ಒಂದು ಗಂಟೆ ಮುಂಚೆಯೇ ಸಾರ್ ಮನೆ ಸೇರಿ ಎಲ್ಲವನ್ನೂ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಕೇಳಿದರು.

"ನಾನು ಹಾಗೆ ತಿದ್ದಿದೆನಾ?"

"ಟೀಚರ್ ಹಾಗೆಂದರು."

"ಅವತ್ತು ನನಗೆ ವಿಪರೀತ ಸಿಟ್ಟು ಬಂದಿತ್ತು. ಅದು ನೆನಪಿದೆ. ತಿದ್ದಿದ್ದು ನೆನಪಿಲ್ಲ." ಕಿಟಕಿಯಿಂದ ನನ್ನ ಕಡೆ ತಿರುಗಿ, "ನ್ಯಾಚುರಲ್ ಹಾಕು ಮೋಳೆ" ಎಂದರು.

"ಮೊದಲು ನೀವು ಬರೆದದ್ದು ಶಾರ್ಪ್ ಅಲ್ಲವಾ ಸಾರ್?"

"ಮೊದಲು ಬರೆದವನೂ ನಾನೇ, ತಿದ್ದಿದವನೂ ನಾನೇ. ತಿದ್ದಿದವನಿಗೆ ಸ್ವಲ್ಪ ಹೆಚ್ಚು ಬುದ್ಧಿ ಬಂದಿತ್ತು ಎಂದು ಕಾಣುತ್ತದೆ."

ಪಟ್ಟಂನ ನನ್ನ ಬೀಗ ಹಾಕಿದ್ದ ಮನೆಗೆ ಓಡಿದೆ. ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದು, ಗುರುತು ಬದಲಿಸಿ, ಆ ಒಂದು ಪುಟವನ್ನು ಇಪ್ಪತ್ತೆರಡು ಸಲ ಮುದ್ರಿಸಿದೆ. ಪ್ರಿಂಟರ್ ಒಂದೊಂದು ಹಾಳೆಯನ್ನೂ ಅಳೆದು ಸುರಿದು ಹೊರಗೆ ಬಿಡುವಾಗ ಅದರ ಪಕ್ಕ ನಿಂತು ಗಡಿಯಾರ ನೋಡುತ್ತಿದ್ದೆ. ಅಭ್ಯಾಸಕ್ಕೆ ಕಾಲು ಗಂಟೆ ತಡವಾಗಿ ಹೋದೆ. ಎಲ್ಲರ ಪ್ರತಿಯಿಂದಲೂ ಹಳೆಯ ಪುಟ ತೆಗೆದು ಹೊಸದನ್ನು ಹಾಕುವಾಗ ಟೀಚರ್ ಹೇಳಿದ್ದನ್ನು ಸಾರ್ ತಾವೇ ಎಲ್ಲರಿಗೂ ಹೇಳಿದರು. ಜೆರಾಕ್ಸ್ ತೆಗೆದಿದ್ದ ಹಿರಿಯರು ಅದನ್ನು ಮಡಚಿ ಚೀಲದೊಳಗೆ ಹಾಕಿ, ನನ್ನ ಹಾಳೆ ಎತ್ತಿಕೊಂಡರು. ಬಲಗಡೆಯ ಮೂವರಿಗೆ ಶಾರ್ಪಿನ ರೂಢಿ ತಪ್ಪಿಸಲು ಎರಡು ಶನಿವಾರ ಹಿಡಿಯಿತು.

ಕ್ರಿಸ್‌ಮಸ್ ಬೆಳಿಗ್ಗೆ ನಾವು ಆರು ಆಲ್ಟೊಗಳು ಆ ಮನೆಯನ್ನು ಒಂದೇ ಸ್ವರದಲ್ಲಿ ದಾಟಿದೆವು. ನಾನೂ, ಈ ಸಲ ಯಾರಿಗೂ ಒರಗದೆ. ಕೇಳುತ್ತಿದ್ದವರಿಗೆ ಏನೂ ಗೊತ್ತಾಗಿರಲಾರದು. ಸಾರ್ ಹಾಳೆ ತಿರುಗಿಸಿದರು, ಹಾಡು ಮುಂದೆ ಹೋಯಿತು.

ಜನವರಿಯಲ್ಲಿ ಎರಡು ತಿಂಗಳ ಕೆಲಸ ಖಾಯಂ ಆಯಿತು. ಕಂಪ್ಯೂಟರನ್ನು ಹಾಸಿಗೆಯಲ್ಲಿ ಸುತ್ತಿ ಕೊಚ್ಚಿಗೆ ತಂದೆ. ಟೀಚರಿಗೆಂದು ಒಂದು ಪ್ರತಿಯನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತೆಗೆದುಕೊಂಡು ಹೋದೆ. ಅವರು ಊಟದ ಮೇಜಿನ ಮೇಲೆ ಅದನ್ನು ಹರಡಿ, ಬೆರಳಿಟ್ಟುಕೊಂಡು ಮೆಲ್ಲಗೆ ಹಾಡುತ್ತ ಹೋದರು. ಐವತ್ತೆರಡನ್ನು ನಿಲ್ಲದೆ ದಾಟಿದರು. ಹನ್ನೊಂದನೇ ಪುಟದಲ್ಲಿ ನಿಂತರು.

"ಇಲ್ಲಿ ಯಾರು ಬಂದದ್ದು?" ಎಂದು ಕೇಳಿದರು.

"ಯೇಸುವನ್ನು ನೋಡಲು ಕುರುಬರು, ಟೀಚರ್."

"ಇಲ್ಲಿ ಅವಳು ಬಂದಳು ಎಂದಿದೆಯಲ್ಲ. ಯಾರವಳು?"

ಬಗ್ಗಿ ನೋಡಿದೆ. "ಅವರ್" ಎಂದಿರಬೇಕಾದಲ್ಲಿ "ಅವಳ್" ಎಂದು ಹೊಡೆದಿದ್ದೆ. ಮಲಯಾಳಂನಲ್ಲಿ ಆ ಎರಡು ಕೊನೆಯಕ್ಷರಗಳು ನನ್ನ ಕಣ್ಣಿಗೆ ಇಂದಿಗೂ ಅಕ್ಕತಂಗಿಯರು. ಕನ್ನಡದಲ್ಲಾಗಿದ್ದರೆ ಬಂದರು, ಬಂದಳು ಎಂದು ಕ್ರಿಯಾಪದವೇ ಗುಟ್ಟು ಬಿಟ್ಟುಕೊಡುತ್ತಿತ್ತು. ಮಲಯಾಳಂನಲ್ಲಿ ಯಾರು ಬಂದರೂ ಬಂದದ್ದು ಒಂದೇ ಥರ. ಹಾಡುವಾಗ ಎಲ್ಲರೂ ನೆನಪಿನಿಂದ ಸರಿಯಾಗಿ ಹಾಡಿದ್ದರು, ಒಬ್ಬರೂ ಹಾಳೆ ನೋಡಿರಲಿಲ್ಲ.

"ಇಪ್ಪತ್ತೆರಡು ಪ್ರತಿಯಲ್ಲೂ ಹೀಗೇ ಇದೆ" ಎಂದೆ.

"ಇರಲಿ ಬಿಡು, ಮುಂದಿನ ಕ್ರಿಸ್‌ಮಸ್‌ಗೆ ಹನ್ನೊಂದು ತಿಂಗಳಿದೆ" ಎಂದು ಟೀಚರ್ ಬಾಳೆಕಾಯಿ ಚಿಪ್ಸ್ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಎರಡು ಚೂರು ತಿಂದೆ. ಮೂರನೆಯದು ಕೈಯಲ್ಲಿರುವಾಗಲೇ ಎದ್ದು ಹೊರಟೆ. ಕಂಪ್ಯೂಟರಿನ ತಂತಿಗಳನ್ನು ಇನ್ನೂ ಜೋಡಿಸಿರಲಿಲ್ಲ. ಕತ್ತಲಾಗುವುದರೊಳಗೆ ಜೋಡಿಸಿ, ಹನ್ನೊಂದನೇ ಪುಟಕ್ಕೆ ಕುರುಬರನ್ನು ವಾಪಸ್ ಕರೆತಂದು, ಸಾರ್ ಅವರಿಗೆ ಅಂಚೆಯಲ್ಲಿ ಕಳಿಸಲು ಆ ಪುಟವನ್ನು ಮುದ್ರಿಸಿ ಲಕೋಟೆಗೆ ಹಾಕಿದೆ.